ಬಿಳಿಗಡ್ಡದ ಅಣಬೆಯೂ ಮೂರನೆಯ ಕೂಗೂ

“ಮತ್ತೆ ಕರೆದಿರಾ? ಬೆಳಗಿನಿಂದ ಇದು ಎಷ್ಟನೇ ಸಲ? ಈ ಮನೆಯಲ್ಲಿ ಒಂದು ಕಂಡಿಕೆ ನೂಲು ಸುತ್ತಿ ಮುಗಿಸುವ ಹಾಗಿಲ್ಲ, ಒಂದು ರೊಟ್ಟಿ ತಿರುವಿ ಹಾಕುವ ಹಾಗಿಲ್ಲ. ಕೂತರೆ ದುಗ್ಗಿ, ನಿಂತರೆ ದುಗ್ಗಿ! ಕರೆದು ಕರೆದು ನನ್ನ ಹೆಸರೇ ಸವೆದು ಹೋಯಿತು!”

ಹೀಗೆ ಬೈದುಕೊಳ್ಳುತ್ತಲೇ ದುಗ್ಗಿ ರಾಟೆ ಬಿಟ್ಟು ಎದ್ದಳು. ಈ ಮಾತು ನಡೆದದ್ದು ನಿನ್ನೆಯಲ್ಲ, ಮೊನ್ನೆಯಲ್ಲ. ಕಲ್ಲುಗಳಿಗೆ ಇನ್ನೂ ಎಳೇ ಮೈ ಇದ್ದ ಕಾಲದಲ್ಲಿ, ಹಂಬುಗಿರಿ ಎಂಬ ರಾಜ್ಯದಲ್ಲಿ, ಮಗ್ಗದವರ ಕೇರಿಯ ಕೊನೆಯ ಮನೆಯಲ್ಲಿ.

ಒಳಕೋಣೆಯಲ್ಲಿ ಅತ್ತೆ ಕೆಂಚವ್ವ ಗೋಡೆಗೆ ಒರಗಿ ಕುಳಿತಿದ್ದಳು. ದುಗ್ಗಿಯ ಐದು ವರ್ಷದ ಮಗಳು ಚಿಕ್ಕಿ ಅವಳ ತೊಡೆಯ ಮೇಲೆ ಮಲಗಿತ್ತು.

“ಏನು ಬೇಕಿತ್ತು?”

“ಏನಿಲ್ಲ ಕಣೇ. ಇದ್ದೀಯೋ ಇಲ್ಲವೋ ಅಂತ ನೋಡಿದೆ.”

“ಇದ್ದೀನಿ. ಎಲ್ಲಿಗೆ ಹೋಗ್ತೀನಿ? ಹೋಗೋಕೆ ನೀವು ಬಿಟ್ಟರೆ ತಾನೇ?”

ಕೆಂಚವ್ವ ನಕ್ಕಳು. ಅವಳಿಗೆ ಸೊಸೆಯ ನಾಲಿಗೆ ಹುಣಸೆಹಣ್ಣಿನ ಹಾಗೆ. ಹುಳಿಯೇನೋ ಹೌದು, ಆದರೆ ಅದಿಲ್ಲದೆ ಊಟ ಸೇರುತ್ತಿರಲಿಲ್ಲ.

ಮುದುಕಿ ಹಾಗೆ ಕರೆಯುತ್ತಿದ್ದದ್ದಕ್ಕೆ ಕಾರಣವಿತ್ತು. ಹಂಬುಗಿರಿಯ ಉತ್ತರಕ್ಕೆ ಬೋಳುಬೆಟ್ಟ. ಬೆಟ್ಟದ ತುದಿಯಲ್ಲಿ ಒಬ್ಬ ಮಾಂತ್ರಿಕ. ಅವನ ಹುಟ್ಟುಹೆಸರು ಯಾರಿಗೂ ಗೊತ್ತಿರಲಿಲ್ಲ, ಎಲ್ಲರೂ ಅವನನ್ನು ಎಳೆಗಳ್ಳ ಎನ್ನುತ್ತಿದ್ದರು. ಮನುಷ್ಯನ ಮೈಯೊಳಗೆ ನೆತ್ತಿಯಿಂದ ಬೆರಳ ತುದಿಯವರೆಗೆ ನರದ ಎಳೆಗಳು ಮಗ್ಗದ ಹಾಸುನೂಲಿನಂತೆ ಬಿಗಿದಿರುತ್ತವೆ. ನೆನಪು ಓಡಾಡುವುದು ಅವುಗಳ ಮೇಲೆ. ಕೈ ಕದಲುವುದು, ನಗು ಬರುವುದು, ಹೆಂಡತಿಯ ಹೆಸರು ನಾಲಿಗೆಗೆ ಸಿಗುವುದು ಎಲ್ಲವೂ ಅವುಗಳಿಂದಲೇ. ಎಳೆಗಳ್ಳನಿಗೆ ಆ ಎಳೆಗಳು ಬೇಕಿದ್ದವು. ಅವನ್ನು ನೇಯ್ದು ಅವನು ಸಾವಿಲ್ಲದ ಶಾಲು ಮಾಡುತ್ತಿದ್ದ. ಅದನ್ನು ಹೊದ್ದರೆ ಅವನಿಗೆ ಮುಪ್ಪಿಲ್ಲ, ಅಳಿವಿಲ್ಲ.

ಆದರೆ ಬಿಗಿದ ಎಳೆಯನ್ನು ಎಳೆದುಕೊಳ್ಳಲು ಆಗುವುದಿಲ್ಲ. ಅದು ಮೊದಲು ಸಡಿಲವಾಗಬೇಕು. ಎಳೆಯನ್ನು ಸಡಿಲಿಸುವುದು ಒಂದೇ ಒಂದು, ಅದು ದಿಗಿಲು. ಅದಕ್ಕೆ ಎಳೆಗಳ್ಳ ಕಬ್ಬಿಣದ ಕೊಕ್ಕಿನ ಕಾಜಾಣಗಳನ್ನು ಸಾಕಿದ್ದ. ಅವು ಮರದಲ್ಲಿ ಕೂತು ನಿಮ್ಮವರದೇ ದನಿಯಲ್ಲಿ ಕೂಗುತ್ತಿದ್ದವು. “ಅಪ್ಪಾ, ಬಾವಿಗೆ ಬಿದ್ದೆ!” “ಅಕ್ಕಾ, ಮನೆಗೆ ಬೆಂಕಿ!” ಜನ ಕೈಗೆ ಸಿಕ್ಕಿದ್ದನ್ನು ಬಿಟ್ಟು ಓಡುವರು. ಹೋಗಿ ನೋಡಿದರೆ ಏನೂ ಇಲ್ಲ. ಹೀಗೆ ದಿನಕ್ಕೆ ಹತ್ತು ಸಲ, ತಿಂಗಳಿಗೆ ಮುನ್ನೂರು ಸಲ. ಮೊದಲು ಕೈ ನಡುಗುವುದು. ಆಮೇಲೆ ಸಾರಿಗೆ ಎರಡೆರಡು ಸಲ ಉಪ್ಪು ಬೀಳುವುದು. ಆಮೇಲೆ ನಿದ್ದೆ ಹೋಗುವುದು. ಕಡೆಗೊಂದು ದಿನ ಕಾಜಾಣ ಬಂದು ಸಡಿಲವಾದ ಎಳೆಯನ್ನು ಕಿವಿಯಿಂದ ಎಳೆದುಕೊಂಡು ಹಾರಿಹೋಗುವುದು.

ದುಗ್ಗಿಯ ಗಂಡ ಸಾಂತಯ್ಯನ ಎಳೆ ಹೋಗಿ ಆರು ತಿಂಗಳಾಗಿತ್ತು. ಅವನು ಮಗ್ಗದ ಮುಂದೆ ಕೂತು ಬರೀ ಲಾಳಿಯನ್ನು ಅತ್ತಿಂದಿತ್ತ ಎಸೆಯುತ್ತಿದ್ದ. ಅದರಲ್ಲಿ ನೂಲಿರುತ್ತಿರಲಿಲ್ಲ. ರಾಜನೂ ಅರ್ಧ ಸಡಿಲವಾಗಿದ್ದ. ಕಿರೀಟ ಎಲ್ಲಿ ಎಂದು ಅರಮನೆಯೆಲ್ಲ ಹುಡುಕುತ್ತಿದ್ದ, ಅದು ಅವನ ತಲೆಯ ಮೇಲೇ ಇರುತ್ತಿತ್ತು.

ಕಾಜಾಣಕ್ಕೆ ಒಂದು ಕೊರತೆಯಿತ್ತು. ಅದರ ನಾಲಿಗೆಗೆ ಎರಡು ಸೀಳು. ಒಂದು ಸೀಳಿಗೆ ಒಂದು ಕೂಗು. ಒಮ್ಮೆ ಬಂದು ಎರಡು ಸಲ ಕೂಗಿದರೆ ಮುಗಿಯಿತು, ಮೂರನೆಯದು ಅದರ ಕೈಲಾಗದು. ಇನ್ನೊಂದು ಕೊರತೆಯೆಂದರೆ ಅರಿಸಿನ ಬಳಿದ ಹೊಸ್ತಿಲನ್ನು ಅದು ದಾಟಲಾರದು. ಹಾಗಾಗಿ ಹಂಬುಗಿರಿಯಲ್ಲಿ ಒಂದು ಕಟ್ಟಳೆ ಹುಟ್ಟಿತು. ಅಜ್ಜಿಯರು ಮಕ್ಕಳಿಗೆ ಅದನ್ನು ಹಾಲಿನ ಜೊತೆ ಕುಡಿಸುತ್ತಿದ್ದರು:

ಹೊಸ್ತಿಲಾಚೆ ಮೂರು ಕೂಗು,
ಹೊಸ್ತಿಲೊಳಗೆ ಒಂದೇ ಕೂಗು.

ಅಂದರೆ ಹೊರಗೆ ಯಾರಾದರೂ ಕರೆದರೆ ಮೂರನೆಯ ಕೂಗಿಗೆ ಓಗೊಡು. ಮನೆಯೊಳಗೆ ಕರೆದರೆ ಮೊದಲ ಕೂಗಿಗೇ ಓಗೊಡು, ಯಾಕೆಂದರೆ ಒಳಗೆ ಕರೆಯುವವರು ಮನುಷ್ಯರೇ.

ಕೆಂಚವ್ವನ ಎಳೆಗಳಲ್ಲಿ ಒಂದೇ ಒಂದು ಉಳಿದಿತ್ತು. ತೀರಿಹೋದ ಗಂಡನ ದನಿಯಲ್ಲಿ ಕಾಜಾಣ ಒಂದು ಮಳೆಗಾಲವಿಡೀ ಅವಳನ್ನು ಕರೆದಿತ್ತು. ಗೊತ್ತಿದ್ದೂ ಅವಳು ಪ್ರತಿ ಸಲವೂ ಬಾಗಿಲವರೆಗೆ ಹೋಗಿ ಬರುತ್ತಿದ್ದಳು. ಉಳಿದ ಆ ಒಂದು ಎಳೆಯನ್ನು ಸೊಸೆಯ ‘ಓ’ ಹಿಡಿದು ನಿಲ್ಲಿಸಿತ್ತು. “ದುಗ್ಗೀ” ಎನ್ನುವಳು. ದುಗ್ಗಿ ಬೈದುಕೊಂಡೇ “ಓ” ಎನ್ನುವಳು. ಎಳೆ ಮತ್ತೆ ಬಿಗಿಯುವುದು.

ಒಂದು ದಿನ ರಾಜನ ಡಂಗುರ ಬಂತು. “ಎಳೆ ಉಳಿಸುವ ಮದ್ದು ತಂದವರಿಗೆ ಅರ್ಧ ರಾಜ್ಯ!” ಮದ್ದು ಹುಡುಕಲು ಬೋಳುಬೆಟ್ಟಕ್ಕೆ ಹೋದ ರಾಜಕುಮಾರ ನೂರು ಕುದುರೆಯವರ ಜೊತೆ ದಾರಿಯಲ್ಲೇ ಹುತ್ತವಾಗಿ ನಿಂತಿದ್ದ. ಆ ದಾರಿಯ ಮಾಯೆ ಅಂಥದು. ನಡುವೆ ಹಿಂತಿರುಗಿ ನೋಡಿದವರ ಕಾಲಿಗೆ ಗೆದ್ದಲು ಹತ್ತಿ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಅವರು ಹುತ್ತವಾಗುತ್ತಿದ್ದರು.

ಡಂಗುರ ಕೇಳಿ ಕೆಂಚವ್ವ ಹೇಳಿದಳು. “ದುಗ್ಗೀ, ಮದ್ದು ನನಗೆ ಗೊತ್ತು. ಬೆಟ್ಟದ ಹಿಂಬದಿಗೆ ಸತ್ತು ನಿಂತ ಒಂದು ಮತ್ತಿಮರ ಇದೆ. ಅದರ ಪೊಟರೆಯಲ್ಲಿ ಬಿಳಿಗಡ್ಡದ ಅಣಬೆ ಬೆಳೆಯುತ್ತೆ. ಕೊಡೆ ಇರಲ್ಲ, ಕಾಲು ಇರಲ್ಲ. ಮುದುಕನ ಗಡ್ಡದ ಹಾಗೆ ಬರೀ ಬಿಳೀ ಎಳೆ, ಇಳಿಬಿದ್ದಿರುತ್ತೆ.”

“ಅಣಬೆಯ ಸಾರು ಕುಡಿದರೆ ಎಳೆಗಳ್ಳ ಓಡಿಹೋಗ್ತಾನಾ? ಬೇಳೆ ಸಾರಿಗೆ ಯಾಕೆ ಹೋಗಲಿಲ್ಲ ಹಾಗಾದರೆ?”

“ತಲೆಹರಟೆ ಬಿಡು. ನೀನು ಮಗ್ಗದ ಮನೆಯ ಸೊಸೆ. ಹಾಸುನೂಲಿಗೆ ಗಂಜಿ ಯಾಕೆ ಹಚ್ಚುತ್ತೀವಿ ಹೇಳು.”

“ಲಾಳಿಯ ಏಟಿಗೆ ನೂಲು ಹಿಂಜಬಾರದು ಅಂತ.”

“ಆ ಅಣಬೆಯ ರಸ ನರದ ಎಳೆಗೆ ಗಂಜಿ. ಕುಡಿದವರಿಗೆ ದಿಗಿಲು ಬರಲ್ಲ ಅಂತಲ್ಲ. ಬರುತ್ತೆ, ಏಟು ಹಾಕುತ್ತೆ. ಎಳೆ ಮಾತ್ರ ಹಿಂಜುವುದಿಲ್ಲ.”

“ಕಡಿದ ಎಳೆಗೆ?”

“ಕಡಿದ ಎಳೆಗೆ ಗಂಜಿ ಹಚ್ಚಿದರೆ ಕೈ ಅಂಟಾಗುತ್ತೆ, ಅಷ್ಟೆ. ಅದಕ್ಕೇ ಬೇಗ ಹೋಗು.” ಆಮೇಲೆ ಮುದುಕಿ ದನಿ ತಗ್ಗಿಸಿದಳು. “ಬಂದವಳೇ, ಹೊಸ್ತಿಲು ದಾಟಿ ಒಂದು ಸಲ ‘ಓ’ ಅನ್ನು. ಬಂದೆ ಅಂತ ಗೊತ್ತಾದರೆ ಸಾಕು. ಅಲ್ಲೀತನಕ ಹೇಗೋ ತಡಕೊಂಡಿರ್ತೀನಿ.”

“ಆಯ್ತು, ಆಯ್ತು. ಹೋಗುವ ಮೊದಲೇ ಬರುವ ಮಾತು!” ಎಂದು ದುಗ್ಗಿ ಸೆರಗು ಬಿಗಿದು, ಬಿದಿರುಬುಟ್ಟಿ ಹಿಡಿದು ಹೊರಟಳು. ಹಿಂದೆ ಕೆಂಚವ್ವ ಒಮ್ಮೆ ಕರೆದಳು. ದುಗ್ಗಿ ಆಗಲೇ ಹೊಸ್ತಿಲಾಚೆ ಇದ್ದಳು. ಓಗೊಡಲಿಲ್ಲ.

ಬೋಳುಬೆಟ್ಟಕ್ಕೆ ಮೂರು ತಿರುವು.

ಮೊದಲ ತಿರುವಿನಲ್ಲಿ ಒಂದು ಕಾಜಾಣ ಸಾಂತಯ್ಯನ ದನಿಯಲ್ಲಿ ಕೂಗಿತು. “ದುಗ್ಗೀ, ನನಗೆ ವಾಸಿಯಾಯಿತು, ತಿರುಗಿ ನೋಡು! ದುಗ್ಗೀ, ನಿನ್ನ ಕೈಯಡುಗೆ ನೆನೆದು ಓಡಿ ಬಂದೆ!”

ದುಗ್ಗಿ ನಕ್ಕುಬಿಟ್ಟಳು. “ಅಯ್ಯೋ ಹಕ್ಕಿ, ಅಷ್ಟೂ ತಿಳಿಯದೆ ಬಂದೆಯಾ? ಏಳು ವರ್ಷದ ಸಂಸಾರದಲ್ಲಿ ಆ ಗಂಡಸು ನನ್ನ ಅಡುಗೆಯನ್ನು ಒಂದು ದಿನ ಹೊಗಳಿದ್ದಿಲ್ಲ.” ಮುಂದೆ ನಡೆದಳು. ಮೂರನೆಯ ಕೂಗು ಬರಲಿಲ್ಲ.

ಎರಡನೆಯ ತಿರುವಿನಲ್ಲಿ ರಾಜಕುಮಾರನ ಹುತ್ತವಿತ್ತು. ಮೇಲೆ ಅವನ ರುಮಾಲಿನ ಗರಿ ಮಾತ್ರ ಕಾಣುತ್ತಿತ್ತು. ಅಲ್ಲಿ ಚಿಕ್ಕಿಯ ದನಿ. “ಅವ್ವಾ, ಬಿದ್ದೆ! ಅವ್ವಾ, ರಕ್ತ ಬಂತು!”

ದುಗ್ಗಿಯ ಕಾಲು ನೆಲಕ್ಕೆ ಅಂಟಿತು. ಮೈಯೊಳಗೆ ಒಂದು ಎಳೆ ಸಡಿಲವಾದದ್ದು ಅವಳಿಗೇ ತಿಳಿಯಿತು. ಸೆರಗಿನ ತುದಿ ಕಚ್ಚಿಕೊಂಡು ನಿಂತಳು. ಚಿಕ್ಕಿ ಎಂದಾದರೂ ಎರಡು ಸಲಕ್ಕೆ ಸುಮ್ಮನಾದದ್ದುಂಟೆ? ಗೀರು ಬಿದ್ದರೂ ಕೇರಿ ಕೇಳುವಂತೆ ಹತ್ತು ಸಲ ಅವ್ವಾ ಅನ್ನುವ ಹುಡುಗಿ ಅದು. ದುಗ್ಗಿ ಕಾದಳು. ಗಾಳಿ ಬೀಸಿತು. ಮೂರನೆಯ ಕೂಗು ಬರಲಿಲ್ಲ. ಕಣ್ಣೊರೆಸಿಕೊಂಡು ಮುಂದೆ ನಡೆದಳು.

ಮೂರನೆಯ ತಿರುವಿನಲ್ಲಿ ಕೆಂಚವ್ವನ ದನಿ. ಕಿರುಚಾಟವಿಲ್ಲ, ಗೋಳಿಲ್ಲ. ಮನೆಯಲ್ಲಿ ಕರೆಯುವಂತೆಯೇ. “ದುಗ್ಗೀ.” ಸ್ವಲ್ಪ ಬಿಟ್ಟು, “ದುಗ್ಗವ್ವಾ.”

ಮೊದಲೆರಡು ತಿರುವಿನಲ್ಲಿ ನಗು, ಅಳು ಬಂದಿತ್ತು. ಇಲ್ಲಿ ದುಗ್ಗಿಗೆ ಬಂದದ್ದು ಸಿಟ್ಟು. “ಬೆಟ್ಟ ಹತ್ತಿದರೂ ಬಿಡಲಿಲ್ಲವಲ್ಲ ಈ ಮುದುಕಿ!” ಎಂದಳು. ನಿಲ್ಲಲಿಲ್ಲ, ಕಾಯಲಿಲ್ಲ, ಕೂಗನ್ನು ಎಣಿಸಲೂ ಇಲ್ಲ. ನೂರು ಕುದುರೆಯವರನ್ನು ಹುತ್ತವಾಗಿಸಿದ ದಾರಿಯಲ್ಲಿ ಅವಳಿಗೆ ಎಲ್ಲಕ್ಕಿಂತ ಸುಲಭವಾದದ್ದು ಈ ತಿರುವು. ಆ ಹೊತ್ತಿನಲ್ಲಿ ಅವಳಿಗೆ ಅದೊಂದು ಹೆಮ್ಮೆಯೂ ಆಗಿತ್ತು.

ಮತ್ತಿಮರ ಇತ್ತು. ಪೊಟರೆ ಇತ್ತು. ಪೊಟರೆಯ ತುಂಬ ಬಿಳಿಗಡ್ಡದ ಅಣಬೆ ಇಳಿಬಿದ್ದಿತ್ತು. ಮುಟ್ಟಿದರೆ ತಣ್ಣಗೆ, ಮೃದು, ಮಗುವಿನ ಕೂದಲಿನ ಹಾಗೆ. ದುಗ್ಗಿ ಬುಡಕ್ಕೆ ಗಾಯ ಮಾಡದೆ ಕೊಯ್ದು ಬುಟ್ಟಿ ತುಂಬಿಕೊಂಡಳು. ಹೊತ್ತು ಇಳಿಯುತ್ತಿತ್ತು. ಕೊಯ್ದ ದಿನದ ಬಿಸಿಲಾರುವುದರೊಳಗೆ ಒಲೆಗೆ ಹಾಕದಿದ್ದರೆ ಆ ಅಣಬೆ ಕಪ್ಪಾಗುತ್ತದೆ. ಅವಳು ಓಡಿದಳು. ಅವಳ ತಲೆಯ ಮೇಲೆ, ಎತ್ತರದಲ್ಲಿ, ಮೂರನೆಯ ತಿರುವಿನ ಕಾಜಾಣ ಹಿಂಬಾಲಿಸಿ ಬರುತ್ತಿತ್ತು. ಅವಳು ನೋಡಲಿಲ್ಲ.

ಹಿತ್ತಲ ಬಾಗಿಲಿನಿಂದ ನೇರ ಅಡುಗೆಮನೆಗೆ ಹೋದಳು. ಹಂಡೆ ಏರಿಸಿದಳು, ಅಣಬೆ ಹಾಕಿದಳು, ಕೈಬಿಡದೆ ಕದಡತೊಡಗಿದಳು. ಕೈಬಿಟ್ಟರೆ ತಳ ಹಿಡಿಯುತ್ತದೆ, ತಳ ಹಿಡಿದರೆ ಮದ್ದು ಕೆಡುತ್ತದೆ. ನೀರು ಹಾಲಾಯಿತು, ಹಾಲು ಗಂಜಿಯಾಯಿತು. ಮೊದಲ ಸೌಟು ಅತ್ತೆಗೆ ಎಂದು ಕಂಚಿನ ಬಟ್ಟಲನ್ನೂ ತೊಳೆದು ಪಕ್ಕದಲ್ಲಿಟ್ಟಿದ್ದಳು. ಈ ಸಲ ಏನಾದರೂ ಹೇಳಿಕೊಳ್ಳುವ ಹಾಗಾಯಿತು ಅಂದುಕೊಂಡಳು. ಬಟ್ಟಲು ಮುಂದಿಟ್ಟು, “ತಗೊಳ್ಳಿ, ಇನ್ನಾದರೂ ನನ್ನ ಹೆಸರಿಗೆ ಬಿಡುವು ಕೊಡಿ” ಅನ್ನಬೇಕು ಎಂದು ಮಾತನ್ನೂ ಹೊಂದಿಸಿಕೊಂಡಳು.

ಒಳಕೋಣೆಯಿಂದ ಕೂಗು ಬಂತು. “ದುಗ್ಗೀ.”

ಕೈ ಬಿಡುವಂತಿರಲಿಲ್ಲ, ನಿಜ. ಆದರೆ ಬಾಯಿಗೇನಾಗಿತ್ತು? ದಿನವಿಡೀ ಸುಮ್ಮನಿರದ ಬಾಯಿ ಅದು.

ಬೆಟ್ಟದಲ್ಲಿ ಇದೇ ದನಿ, ಇದೇ ಕೂಗು, ಓಗೊಡದೆ ಗೆದ್ದು ಬಂದಿದ್ದಳು. ಕಿವಿ ಇನ್ನೂ ಹೊಸ್ತಿಲಾಚೆಯೇ ಇತ್ತು. ‘ಇರಲಿ, ಇನ್ನೊಂದು ಸಲ ಕರೆಯಲಿ’ ಎಂದುಕೊಂಡಳು.

“ದುಗ್ಗವ್ವಾ.”

‘ಇನ್ನೊಂದು ಸಲ ಕರೆಯಲಿ. ಅಷ್ಟರಲ್ಲಿ ಇಳಿಸಿಬಿಡುತ್ತೇನೆ.’

ಮೂರನೆಯ ಕೂಗು ಬರಲಿಲ್ಲ.

ಹಂಡೆ ಇಳಿಸಿ, ಬಟ್ಟಲು ತುಂಬಿಕೊಂಡು ದುಗ್ಗಿ ಒಳಗೆ ಹೋದಳು. ಕೆಂಚವ್ವ ಎದ್ದು ಕುಳಿತಿದ್ದಳು. ಮುಖ ಬಾಗಿಲ ಕಡೆಗಿತ್ತು. ದುಗ್ಗಿ ಬಾಗಿಲಲ್ಲಿ ಬಂದು ನಿಂತಳು. ಆ ಕಣ್ಣು ಅವಳನ್ನು ದಾಟಿ ಗೋಡೆ ನೋಡಿತು.

“ಅತ್ತೇ. ತಗೊಳ್ಳಿ, ಮದ್ದು.”

ಮುದುಕಿ ಬಟ್ಟಲು ಹಿಡಿದಳು. ಮಗುವಿನಂತೆ ಕುಡಿದಳು. ಗಲ್ಲದ ಮೇಲೆ ಇಳಿದದ್ದನ್ನು ದುಗ್ಗಿ ಸೆರಗಿನಿಂದ ಒರೆಸಿದಳು. ಅವಳ ಕೈ ಅಂಟಾಯಿತು, ಅಷ್ಟೆ.

ಮೂಲೆಯಲ್ಲಿ ಚಿಕ್ಕಿ ಬಿಕ್ಕುತ್ತಿತ್ತು. “ಹೊರಗೆ ಬೇವಿನಮರದ ಹತ್ತಿರ ನೀನು ಕಿರುಚಿದೆ ಅವ್ವಾ. ‘ಅತ್ತೇ, ಬಂಡೆಯಿಂದ ಬಿದ್ದೆ, ಸತ್ತೆ’ ಅಂದೆ. ಅಜ್ಜಿ ನನ್ನ ಗಟ್ಟಿಯಾಗಿ ಹಿಡಕೊಂಡಳು. ‘ಅದು ಹಕ್ಕಿ ಕಣೇ, ಒಳಗೆ ಹೊಗೆ ವಾಸನೆ ಬರ್ತಿದೆ, ನಿನ್ನವ್ವ ಒಲೆಯ ಮುಂದೆ ಇದ್ದಾಳೆ, ಈಗ ನೋಡು ಓ ಅಂತಾಳೆ’ ಅಂದಳು. ಕರೆದಳು. ಆಮೇಲೆ ಇನ್ನೊಂದು ಸಲ ಕರೆದಳು.”

ದುಗ್ಗಿ ಅತ್ತೆಯ ಕಿವಿಯ ಹತ್ತಿರ ಬಾಗಿ “ಓ” ಎಂದಳು.

ಮದ್ದು ಮಾತ್ರ ಸುಳ್ಳಾಗಲಿಲ್ಲ. ಆ ಸಂಜೆಯೇ ಕೇರಿ ಕುಡಿಯಿತು, ಮರುದಿನ ಊರು ಕುಡಿಯಿತು, ಮೂರನೆಯ ದಿನ ರಾಜ್ಯವೇ ಕುಡಿಯಿತು. ಕಾಜಾಣಗಳು ಬಂದು ಎಲ್ಲ ದನಿಯಲ್ಲೂ ಕೂಗಿದವು. ಜನ ಬೆಚ್ಚಿದರು, ಆದರೆ ಕೈ ನಡುಗಲಿಲ್ಲ. “ಕೂಗಲಿ ಬಿಡು, ಅದರ ಗಂಟಲೇ ಹರೀತದೆ” ಎಂದು ತಮ್ಮ ಕೆಲಸ ಮುಂದುವರಿಸಿದರು. ಒಂದು ಎಳೆಯೂ ಸಡಿಲವಾಗಲಿಲ್ಲ. ಎಳೆಗಳ್ಳನ ಶಾಲಿಗೆ ಇನ್ನೊಂದು ಗೇಣು ನೇಯ್ಗೆ ಬಾಕಿ ಇತ್ತು. ಅಂಚು ಕಟ್ಟದ ಬಟ್ಟೆ ಎಷ್ಟು ದಿನ ತಡೆದೀತು? ಮೂರನೆಯ ದಿನದ ಗಾಳಿಗೆ ಶಾಲು ತುದಿಯಿಂದ ಬಿಚ್ಚಿಕೊಳ್ಳತೊಡಗಿತು. ಅದು ಬಿಚ್ಚಿದಷ್ಟೂ ಎಳೆಗಳ್ಳನ ಮೈ ಸುಕ್ಕುಗಟ್ಟಿತು. ಕಡೆಗೆ ಮಗ್ಗದ ಮುಂದೆ ಒಂದು ಹಿಡಿ ಹಿಂಜಿದ ಹತ್ತಿ ಉಳಿಯಿತು. ಗಾಳಿ ಅದನ್ನೂ ಒಯ್ದಿತು. ಕಾಜಾಣಗಳ ಕೂಗೂ ಅಂದಿಗೆ ನಿಂತಿತು.

ಬಿಚ್ಚಿದ ಎಳೆಗಳು ಬೂರುಗದ ಹತ್ತಿಯ ಹಾಗೆ ಹಂಬುಗಿರಿಯ ಮೇಲೆ ತೇಲಿ ಬಂದವು. ಒಂದೊಂದೂ ತನ್ನವರನ್ನು ಹುಡುಕಿ ಕಿವಿಯಲ್ಲಿ ಇಳಿಯಿತು. ರಾಜ ತಲೆ ಮುಟ್ಟಿ ನೋಡಿಕೊಂಡು ನಾಚಿದ. ಹುತ್ತ ಒಡೆದು ರಾಜಕುಮಾರ ಸೀನುತ್ತ ಹೊರಗೆ ಬಂದ. ಸಾಂತಯ್ಯ ಬರೀ ಲಾಳಿ ಕೆಳಗಿಟ್ಟು, “ಹಸಿವಾಗ್ತಿದೆ ಕಣೇ. ಏನು ಮಾಡಿದ್ದೀ?” ಎಂದ. ಉಂಡು ಎದ್ದವನು ಚೆನ್ನಾಗಿತ್ತು ಅನ್ನಲಿಲ್ಲ. ಗಂಡ ನಿಜವಾಗಿಯೂ ವಾಪಸು ಬಂದ ಎಂದು ದುಗ್ಗಿಗೆ ಅದರಿಂದಲೇ ತಿಳಿಯಿತು.

ಅವಳು ಅತ್ತೆಯನ್ನು ಎತ್ತಿ ತಂದು ಜಗಲಿಯ ಮೇಲೆ ಕೂರಿಸಿದಳು. ಕಿವಿಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿದಳು. ತೀರಿಹೋದ ಗಂಡನ ದನಿ ಕೇಳಿ ಮುದುಕಿ ಕಳೆದುಕೊಂಡಿದ್ದ ಹಳೆಯ ಎಳೆಗಳು ಒಂದೊಂದಾಗಿ ಬಂದವು. ಆದರೆ ಅವನ್ನು ಕಟ್ಟಲು ಒಳಗೆ ಒಂದಾದರೂ ಇರಬೇಕಿತ್ತು. ಬಂದವು, ಕೂತವು, ಜಾರಿದವು. ಕಡೆಯ ಎಳೆಗಾಗಿ ದುಗ್ಗಿ ಆಕಾಶ ನೋಡುತ್ತ ಕುಳಿತಳು. ಒಂದು ದಿನ ಕಾದಳು. ಎರಡು ದಿನ ಕಾದಳು. ಮೂರನೆಯ ದಿನ ಮತ್ತೆ ಬೋಳುಬೆಟ್ಟ ಹತ್ತಿ, ಎಳೆಗಳ್ಳನ ಮಗ್ಗದ ಸಂದು ಸಂದಿನಲ್ಲೂ ಬೆರಳಾಡಿಸಿದಳು. ಧೂಳು ಮಾತ್ರ ಸಿಕ್ಕಿತು.

ಆಗ ಅವಳಿಗೆ ತಿಳಿಯಿತು. ಎಳೆಗಳ್ಳ ಒಯ್ದದ್ದೆಲ್ಲ ತಿರುಗಿ ಬಂದಿತ್ತು. ಅದೊಂದು ಬರಲಿಲ್ಲ, ಯಾಕೆಂದರೆ ಅದನ್ನು ಅವನು ಒಯ್ದಿರಲಿಲ್ಲ. ಅದು ಮನೆಯೊಳಗೇ, ಹೊಸ್ತಿಲೊಳಗೇ ಕಡಿದಿತ್ತು.

ರಾಜ ಅರ್ಧ ರಾಜ್ಯ ಕೊಡಲು ಬಂದ.

“ಇರೋ ಎರಡು ಅಂಕಣದ ಮನೆ ಗುಡಿಸಿದ್ದೇ ಸಾಕಾಗಿದೆ. ಅರ್ಧ ರಾಜ್ಯ ಯಾರು ಗುಡಿಸ್ತಾರೆ ಬುದ್ಧೀ?” ಎಂದಳು ದುಗ್ಗಿ. “ಕೊಡೋದಾದರೆ ಒಂದು ಮಾತು ಕೊಡಿ. ಮೂರು ಕೂಗಿನ ಕಟ್ಟಳೆಯನ್ನು ತೆಗೆಸಿ. ಇನ್ನು ಮೇಲೆ ಒಳಗಾಗಲಿ ಹೊರಗಾಗಲಿ, ಈ ರಾಜ್ಯದಲ್ಲಿ ಯಾರು ಯಾರನ್ನು ಕರೆದರೂ ಮೊದಲ ಕೂಗಿಗೇ ಓಗೊಡಬೇಕು.”

ರಾಜ ಡಂಗುರ ಹೊಡೆಸಿದ. ಅಂದಿನಿಂದ ಹಂಬುಗಿರಿಯಲ್ಲಿ ದಿಗಿಲಿಲ್ಲ. ಪ್ರತಿ ಮನೆಯ ಹಿತ್ತಲಲ್ಲೂ ಸತ್ತ ಮತ್ತಿಯ ದಿಮ್ಮಿ ಇಟ್ಟು ಬಿಳಿಗಡ್ಡದ ಅಣಬೆ ಬೆಳೆಸಿದರು. ಮಳೆ ಬಂತು, ಬೆಳೆ ಬಂತು, ಮಗ್ಗಗಳು ಆಡಿದವು. ಎಲ್ಲರೂ ಉಂಡು ಉಟ್ಟು ಸುಖವಾಗಿದ್ದರು. ಕೆಂಚವ್ವನೂ ಸುಖವಾಗಿಯೇ ಇದ್ದಳು ಎನ್ನಬೇಕು. ಎಳೆಬಿಸಿಲಲ್ಲಿ ಕೂರುವಳು, ಇಲ್ಲದ ಹಾಸುನೂಲಿಗೆ ಬೆರಳಿನಿಂದ ಗಂಜಿ ಸವರುವಳು, ತನ್ನಷ್ಟಕ್ಕೆ ನಗುವಳು. ಯಾರನ್ನೂ ಕರೆಯುತ್ತಿರಲಿಲ್ಲ.

ಈಗ ದುಗ್ಗಿ ದಿನಕ್ಕೆ ಹತ್ತು ಕಂಡಿಕೆ ನೂಲು ಸುತ್ತುತ್ತಿದ್ದಳು. ಯಾರೂ ನಡುವೆ ಎಬ್ಬಿಸುತ್ತಿರಲಿಲ್ಲ. ರಾಟೆ ತಿರುಗುವಾಗ ಒಮ್ಮೊಮ್ಮೆ ಅವಳು ತಾನೇ “ಓ” ಎನ್ನುವಳು. “ಯಾರು ಕರೆದರೇ ನಿನ್ನ?” ಎಂದು ಪಕ್ಕದ ಮನೆಯವರು ನಗುವರು.

ಹೀಗೊಂದು ದಿನ ರಾಟೆ ತಿರುಗುತ್ತಿತ್ತು. ಅಜ್ಜಿಯ ತಲೆ ಬಾಚುತ್ತ ಕೂತಿದ್ದ ಚಿಕ್ಕಿ ಒಂದು ಮಾತು ಕೇಳಿತು. ರಾಟೆ ನಿಂತಿತು. ಚಿಕ್ಕಿ ಎರಡನೆಯ ಸಲವೂ ಕೇಳಿತು, ಮೂರನೆಯ ಸಲವೂ ಕೇಳಿತು. ಮೊದಲ ಕೂಗಿಗೇ ಓಗೊಡಬೇಕೆಂದು ರಾಜ್ಯಕ್ಕೆಲ್ಲ ಕಟ್ಟಳೆ ಮಾಡಿಸಿದ ದುಗ್ಗಿಯ ಬಾಯಿಂದ ಮಾತು ಹೊರಡಲಿಲ್ಲ.

“ಅವ್ವಾ, ಅವತ್ತು ಅಜ್ಜಿ ಕರೆದದ್ದು ನಿನಗೆ ಕೇಳಿಸಿತ್ತಾ?”